ಬಿಟ್ಟ ಮೂಗು, ಬಿಟ್ಟಂತಾದ ಮೂಗು

ಗವಿಮಠದ ಜಾತ್ರೆ ಮುಗಿದ ವಾರ ಕೊಪ್ಪಳ ಊರಿಗೆ ಊರೇ ಮೂಗಿನಲ್ಲಿ ಮಾತನಾಡುತ್ತದೆ. ಪುಷ್ಯ ಮಾಸದ ಚಳಿ, ತೇರಿಗೆ ಬಂದ ಲಕ್ಷಾಂತರ ಜನರ ಕಾಲಡಿಯಿಂದ ಎದ್ದ ದೂಳು, ತಡರಾತ್ರಿಯವರೆಗೆ ಬಯಲಿನಲ್ಲಿ ಕುಳಿತು ಕೇಳಿದ ಹಾಡು ಮತ್ತು ಪ್ರವಚನ, ಒಬ್ಬರ ಸೀನಿಗೆ ಇನ್ನೊಬ್ಬರ ಮುಖ ಸಿಕ್ಕಿಬೀಳುವ ಇಕ್ಕಟ್ಟು, ಇಷ್ಟು ಸೇರಿದ ಮೇಲೆ ಇನ್ನೇನಾಗಬೇಕು? ಕಿರಾಣಿ ಅಂಗಡಿಯವನು ‘ಏನು ಬೇಕು’ ಎಂದರೆ ‘ಏದು ಬೇಕು’ ಎಂದು ಕೇಳಿಸುತ್ತದೆ. ನಾವೂ ಅದೇ ಭಾಷೆಯಲ್ಲಿ ಉತ್ತರ ಕೊಟ್ಟು ಶುಂಠಿ, ಮೆಣಸು, ಬೆಲ್ಲ ಕಟ್ಟಿಸಿಕೊಂಡು ಬರುತ್ತೇವೆ.

ನಮ್ಮ ಮನೆಯಲ್ಲಿ ಒಂದೊಂದು ಮೂಗಿಗೆ ಒಂದೊಂದು ಪಂಥ. ಅತ್ತೆಯವರು ಹಂಚಿನ ಮೇಲೆ ಅಜವಾನ ಹುರಿದು, ಹಳೆಯ ಧೋತರದ ಚೂರಿನಲ್ಲಿ ಗಂಟು ಕಟ್ಟಿ, ಬಿಸಿ ಆರುವ ಮೊದಲೇ ಮೂಸುತ್ತಾ ಕೂರುತ್ತಾರೆ. ನಮ್ಮ ಮನೆಯವರಿಗೆ ಮುಲಾಮಿನ ಡಬ್ಬಿ ಬಿಟ್ಟರೆ ಬೇರೆ ದೇವರಿಲ್ಲ. ಹಣೆ, ಮೂಗು, ಎದೆ ಮುಗಿಸಿ ಅಂಗಾಲಿಗೂ ಹಚ್ಚಿಕೊಂಡು ಮಲಗುತ್ತಾರೆ. ಕಾರಟಗಿಯಿಂದ ಅವ್ವ ಫೋನಿನಲ್ಲೇ ಕಷಾಯ ಕುದಿಸುತ್ತಾಳೆ: ಮೆಣಸು ಎಷ್ಟು, ಹಸಿಶುಂಠಿ ಎಷ್ಟು, ಬೆಲ್ಲ ಹಾಕುವುದು ಯಾವಾಗ. ನನ್ನದು ಸ್ವಲ್ಪ ನಾಚಿಕೆಗೇಡಿನ ಪಂಥ. ಬಸ್ ನಿಲ್ದಾಣದ ಕಡೆ ಹೋಗಿ, ಎಣ್ಣೆಯಿಂದ ಆಗತಾನೇ ತೆಗೆದ ಮಿರ್ಚಿಯನ್ನು ಒಗ್ಗರಣೆ ಮಂಡಕ್ಕಿಯ ಜೊತೆ ತಿನ್ನುವುದು. ಎರಡನೆಯ ಮಿರ್ಚಿಗೆ ಕಣ್ಣು, ಮೂಗು ಎರಡೂ ಸುರಿಯುತ್ತವೆ. ಆ ಹೊತ್ತಿಗೆ ಮೂಗು ಬಿಟ್ಟಿತು ಎಂದು ಆಣೆ ಮಾಡಿ ಹೇಳಬಲ್ಲೆ.

ಮನೆ ತಲುಪುವ ಹೊತ್ತಿಗೆ ಮತ್ತೆ ಕಟ್ಟಿರುತ್ತದೆ. ಅತ್ತೆಯವರ ಗಂಟೂ ಅಷ್ಟೇ, ಮುಲಾಮೂ ಅಷ್ಟೇ, ಅವ್ವನ ಕಷಾಯವೂ ಅಷ್ಟೇ. ಎಲ್ಲದಕ್ಕೂ ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆಯ ಆಯುಸ್ಸು. ಬಹಳ ವರ್ಷಗಳಿಂದ ಈ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಇವೆಲ್ಲ ಕೆಲಸ ಮಾಡುವುದು ನಿಜವಾದರೆ ಮೂಗು ಮತ್ತೆ ಕಟ್ಟುವುದೇಕೆ? ಕೆಲಸ ಮಾಡುವುದಿಲ್ಲ ಎಂದಾದರೆ ಇಷ್ಟು ತಲೆಮಾರುಗಳ ಹೆಂಗಸರು, ಒಂದು ಹಿಡಿ ಅಜವಾನವನ್ನೂ ವ್ಯರ್ಥ ಮಾಡದ ಹೆಂಗಸರು, ಇವನ್ನು ಬಿಡದೆ ಹಿಡಿದುಕೊಂಡಿದ್ದೇಕೆ?

ಎಡ ಹೊಳ್ಳೆ, ಬಲ ಹೊಳ್ಳೆ

ಮೊದಲು, ಕಟ್ಟಿರುವುದಾದರೂ ಏನು? ಮೂಗು ಕಟ್ಟಿದೆ ಎಂದಾಗ ಒಳಗೆ ಸಿಂಬಳ ತುಂಬಿದೆ ಎಂದುಕೊಂಡು ಅದನ್ನು ತೆಗೆದೂ ತೆಗೆದೂ ಮೂಗಿನ ತುದಿ ಕೆಂಪಾಗಿಸಿಕೊಳ್ಳುತ್ತೇವೆ. ಏನೂ ಬರುವುದಿಲ್ಲ, ಮೂಗೂ ಬಿಡುವುದಿಲ್ಲ. ಏಕೆಂದರೆ ದಾರಿಯನ್ನು ಅಡ್ಡಗಟ್ಟಿರುವುದು ಬಹುಪಾಲು ರಕ್ತ. ಮೂಗಿನ ಪಕ್ಕದ ಗೋಡೆಯಿಂದ ಒಳಕ್ಕೆ ಚಾಚಿಕೊಂಡ ಮಡಿಕೆಗಳಿವೆ, ಒಂದೊಂದು ಹೊಳ್ಳೆಯಲ್ಲಿ ಮೂರು ಮೂರು. ವೈದ್ಯರು ಅವನ್ನು ಟರ್ಬಿನೇಟ್ ಎನ್ನುತ್ತಾರೆ. ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿ ಕಳುಹಿಸುವುದು ಅವುಗಳ ಕೆಲಸ. ಅದಕ್ಕಾಗಿಯೇ ಅವುಗಳ ತುಂಬ ರಕ್ತನಾಳಗಳು. ನೆಗಡಿಯ ವೈರಾಣು ಬಂದರೂ, ಅಲರ್ಜಿಯಾದರೂ ಆ ನಾಳಗಳು ಹಿಗ್ಗಿ ಮಡಿಕೆಗಳು ಊದಿಕೊಳ್ಳುತ್ತವೆ. ಊದಿದ್ದನ್ನು ಊದಿ ಹೊರಗೆ ಹಾಕಲು ಆಗುತ್ತದೆಯೇ? ಜೋರು ಮಾಡಿದರೆ ಇದ್ದಬದ್ದ ಸಿಂಬಳ ಕಿವಿಯ ಕಡೆಗೂ ಕಪಾಲದ ಪೊಳ್ಳುಗಳ ಕಡೆಗೂ ನುಗ್ಗುತ್ತದೆ, ಅಷ್ಟೇ. ಒಂದು ಹೊಳ್ಳೆ ಒತ್ತಿ ಹಿಡಿದು ಇನ್ನೊಂದರಿಂದ ಮೆಲ್ಲಗೆ ತೆಗೆಯಬೇಕು ಎಂದು ಹಿರಿಯರು ಗದರುತ್ತಿದ್ದುದು ಸರಿಯಾಗಿಯೇ ಇತ್ತು.

ರಾತ್ರಿಯ ಆಟ ಎಲ್ಲರಿಗೂ ಗೊತ್ತು. ಎಡಕ್ಕೆ ಮಲಗಿದರೆ ಎಡ ಹೊಳ್ಳೆ ಕಟ್ಟುತ್ತದೆ. ಬೇಸತ್ತು ಬಲಕ್ಕೆ ಹೊರಳಿದರೆ ಸ್ವಲ್ಪ ಹೊತ್ತಿಗೆ ಎಡದ್ದು ಬಿಡುತ್ತದೆ, ಬಲದ್ದು ಕಟ್ಟುತ್ತದೆ. ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಯಿತು ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಮಗ್ಗುಲಾದಾಗ ಕೆಳಗಿನ ಹೊಳ್ಳೆಯ ನಾಳಗಳು ತುಂಬಿಕೊಳ್ಳುವುದು ಒಂದು ಕಾರಣ. ಇನ್ನೊಂದು ಕಾರಣ, ಆರೋಗ್ಯವಂತರ ಮೂಗಿನಲ್ಲೂ ಎರಡು ಹೊಳ್ಳೆಗಳು ಒಟ್ಟಿಗೆ ಪೂರ್ತಿ ತೆರೆದಿರುವುದು ಅಪರೂಪ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ಉಪಕಾಲುವೆಗಳಿಗೆ ಸರದಿಯ ಮೇಲೆ ಬಿಡುವ ಹಾಗೆ, ಕೆಲವು ಗಂಟೆ ಈ ಹೊಳ್ಳೆ, ಕೆಲವು ಗಂಟೆ ಆ ಹೊಳ್ಳೆ. ಮೂಗು ಚೆನ್ನಾಗಿದ್ದಾಗ ಈ ಸರದಿ ಗೊತ್ತೇ ಆಗುವುದಿಲ್ಲ. ನೆಗಡಿಯಾದಾಗ ಸರದಿ ತಪ್ಪಿದ ಹೊಳ್ಳೆ ಪೂರ್ತಿ ಮುಚ್ಚಿಕೊಂಡು ಗಮನಕ್ಕೆ ಬರುತ್ತದೆ. ಜರ್ಮನಿಯ ವೈದ್ಯ ಕೈಸರ್ ಇದನ್ನು 1895ರಲ್ಲಿ ಬರೆದಿಟ್ಟ. ನಮ್ಮ ಯೋಗಿಗಳು ಅದಕ್ಕೂ ಎಷ್ಟೋ ಮೊದಲೇ ಎಡದ್ದು ಚಂದ್ರಸ್ವರ, ಬಲದ್ದು ಸೂರ್ಯಸ್ವರ ಎಂದು ಹೆಸರಿಟ್ಟು ಲೆಕ್ಕ ಇಟ್ಟಿದ್ದರು.

ಮಠಗಳ ಹಳೆಯ ಪಟಗಳಲ್ಲಿ ಕುಳಿತ ತಪಸ್ವಿಗಳ ತೋಳಿನ ಕೆಳಗೆ ಒಂದು ಮೋಟು ಊರುಗೋಲು ಇರುವುದನ್ನು ನೀವು ನೋಡಿರಬಹುದು. ಅದು ಯೋಗದಂಡ. ಕೈ ಊರಿಕೊಂಡು ವಿಶ್ರಾಂತಿ ಪಡೆಯುವುದಕ್ಕೆ ಎಂದುಕೊಂಡಿದ್ದೆ. ಸ್ವರ ಬದಲಿಸುವುದಕ್ಕೂ ಅದೇ ಸಾಧನವಂತೆ. ಎಡ ಕಂಕುಳಿಗೆ ಒತ್ತಡ ಕೊಟ್ಟರೆ ಬಲ ಹೊಳ್ಳೆ ಸಡಿಲವಾಗುತ್ತದೆ, ಬಲಕ್ಕೆ ಕೊಟ್ಟರೆ ಎಡ. ಇದನ್ನು ಪ್ರಯೋಗಾಲಯಗಳಲ್ಲಿ ಗಾಳಿಯ ಹರಿವು ಅಳೆದೂ ನೋಡಿದ್ದಾರೆ, ಹೌದು ಎನ್ನುತ್ತಾರೆ. ಯೋಗದಂಡ ಇಲ್ಲದವರು ದಿಂಬು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ನೋಡಬಹುದು. ಖರ್ಚಿಲ್ಲ, ಅಪಾಯವಿಲ್ಲ, ಮನೆಯವರು ನಗುತ್ತಾರೆ ಅಷ್ಟೇ. ಅದಕ್ಕಿಂತ ಸುಲಭದ್ದು ಎರಡು ದಿಂಬು ಹಾಕಿ ತಲೆ ಎತ್ತರ ಮಾಡಿಕೊಳ್ಳುವುದು. ಮೂಗಿನ ನಾಳಗಳಲ್ಲಿ ರಕ್ತ ನಿಲ್ಲುವುದು ಕಡಿಮೆಯಾಗುತ್ತದೆ. ಜ್ವರ ಇಲ್ಲದಿದ್ದರೆ ಬಿರುಸಾಗಿ ನಡೆಯುವುದೂ ಒಳ್ಳೆಯದು. ಮೈ ಬೆವರುವ ಹೊತ್ತಿಗೆ ಆ ನಾಳಗಳು ತಾವಾಗಿಯೇ ಕುಗ್ಗುತ್ತವೆ. ಕೊಪ್ಪಳದ ಕೋಟೆಯ ಮೆಟ್ಟಿಲು ಅರ್ಧ ಹತ್ತಿದರೆ ಸಾಕು, ನನ್ನ ಎರಡೂ ಹೊಳ್ಳೆ ತೆರೆದುಕೊಳ್ಳುತ್ತವೆ. ಇದು ಅನಿಸಿಕೆಯಲ್ಲ, ನಿಜವಾಗಿಯೂ ತೆರೆಯುವುದು. ಈ ವ್ಯತ್ಯಾಸದ ಬಗ್ಗೆಯೇ ನಾನು ಹೇಳಬೇಕಿರುವುದು.

ಅಜ್ಜಿಯ ಅರಿಶಿನ ಕೊಂಬು

ಅಜ್ಜಿ ಕಷಾಯ, ಗಂಟು ಯಾವುದನ್ನೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಅವಳ ಅಸ್ತ್ರ ಅರಿಶಿನ ಕೊಂಬು. ದೇವರ ಮುಂದಿನ ದೀಪವನ್ನು ಇದಕ್ಕೆ ಬಳಸುವಂತಿಲ್ಲ, ಹಾಗಾಗಿ ಅಡುಗೆಮನೆಯ ಚಿಮಣಿ ದೀಪ ಬರುತ್ತಿತ್ತು. ಕೊಂಬಿನ ಒಂದು ತುದಿಗೆ ಕುಸುಬಿ ಎಣ್ಣೆ ಸವರಿ ಉರಿಗೆ ಹಿಡಿಯುತ್ತಿದ್ದಳು. ಮೊದಲು ಎಣ್ಣೆ ಚಟಪಟ ಎನ್ನುತ್ತಿತ್ತು. ಆಮೇಲೆ ತುದಿ ಕಪ್ಪಾಗಿ, ಅಂಚಿನಲ್ಲಿ ಸಣ್ಣ ಕೆಂಡ ಕಟ್ಟುತ್ತಿತ್ತು. ಉಫ್ ಎಂದು ಉರಿ ಆರಿಸಿದ ಕೂಡಲೇ ದಾರದಷ್ಟು ತೆಳ್ಳಗಿನ ಬಿಳಿ ಹೊಗೆ. “ಬಾ, ಮೂಗು ಮುಂದೆ ಮಾಡು, ಬಾಯಿ ಮುಚ್ಚು” ಎಂದು ನನ್ನ ತಲೆಯ ಹಿಂಭಾಗವನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕೊಂಬನ್ನು ಒಂದು ಹೊಳ್ಳೆಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದಳು. ಹೊಗೆ ನೆತ್ತಿಗೆ ಹೋಗಿ ಹೊಡೆದಂತಾಗುತ್ತಿತ್ತು. ತಪ್ಪಿಸಿಕೊಳ್ಳಲು ನೋಡಿದರೆ ಹಿಡಿತ ಬಿಗಿಯಾಗುತ್ತಿತ್ತು. ಕಣ್ಣೀರು, ಸೀನು, ಮೂಗಿನಿಂದ ನೀರು. ಸೆರಗಿನಿಂದ ಒರೆಸಿ “ನೋಡು, ಬಿಟ್ಟಿತು” ಎಂದು ಅವಳೇ ತೀರ್ಪು ಕೊಟ್ಟು ಕೊಂಬನ್ನು ಗೂಡಿನಲ್ಲಿ ಇಡುತ್ತಿದ್ದಳು. ಅದೇ ಕೊಂಬು ಮುಂದಿನ ನೆಗಡಿಗೂ ಬರುತ್ತಿತ್ತು, ಪ್ರತಿ ಸಲ ಸ್ವಲ್ಪ ಗಿಡ್ಡವಾಗಿ.

ಅಲ್ಲಿ ಆಗುತ್ತಿದ್ದುದು ಇಷ್ಟು. ಖಾರದ ಹೊಗೆ ಮೂಗಿನ ನರವನ್ನು ಕೆಣಕುತ್ತದೆ, ಕೆರಳಿದ ಮೂಗು ನೀರು ಸುರಿಸುತ್ತದೆ, ಗಟ್ಟಿ ಸಿಂಬಳ ತೆಳುವಾಗಿ ಒಂದಿಷ್ಟು ಹೊರಗೆ ಬರುತ್ತದೆ. ಊದಿದ ಮಡಿಕೆ ಊದಿಯೇ ಇರುತ್ತದೆ. ನನ್ನ ಮಿರ್ಚಿಯದ್ದೂ ಇದೇ ಕಥೆ. ಮುಲಾಮಿನದು ಇನ್ನೂ ಸ್ವಾರಸ್ಯದ್ದು. ಅದರಲ್ಲಿರುವ ಮೆಂಥಾಲ್, ಅಂದರೆ ಪುದೀನದ ಜಾತಿಯ ಗಿಡದ ಸತ್ವ, ಮೂಗನ್ನು ಎಳ್ಳಷ್ಟೂ ತೆರೆಯುವುದಿಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ರಾನ್ ಎಕಲ್ಸ್ ಎಂಬ ವಿಜ್ಞಾನಿ ನೆಗಡಿಯನ್ನೇ ಜೀವಮಾನದ ವಿಷಯ ಮಾಡಿಕೊಂಡವರು. ಮೆಂಥಾಲ್ ಮೂಸಿದವರ ಮೂಗಿನೊಳಗಿನ ಗಾಳಿಯ ಹರಿವನ್ನು ಯಂತ್ರದಿಂದ ಅಳೆದರೆ ಮೊದಲಿದ್ದಷ್ಟೇ. ಮೂಸಿದವರನ್ನು ಕೇಳಿದರೆ ‘ಎಷ್ಟು ಹಗುರವಾಯಿತು’ ಎಂಬ ಉತ್ತರ. ಉಸಿರೆಳೆದಾಗ ತಂಪು ತಟ್ಟಿದರೆ ಗಾಳಿ ಹೋಗುತ್ತಿದೆ ಎಂದು ಮಿದುಳು ಲೆಕ್ಕ ಹಾಕುತ್ತದೆ. ತಂಪನ್ನು ಗುರುತಿಸುವ ಗ್ರಾಹಕವನ್ನು, ಅಂದರೆ ನರದ ತುದಿಯ ಸಂವೇದಕವನ್ನು, ಮೆಂಥಾಲ್ ನೇರವಾಗಿ ತಟ್ಟುತ್ತದೆ. ಗಾಳಿ ಬಾರದೆಯೂ ಗಾಳಿ ಬಂದಂತೆ. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಬಂದದ್ದು ಬಿಸಿ, ತಂಪು, ಸ್ಪರ್ಶಗಳ ಗ್ರಾಹಕಗಳನ್ನು ಕಂಡುಹಿಡಿದದ್ದಕ್ಕೆ. ತಂಪಿನ ಗ್ರಾಹಕಕ್ಕೆ ಇಬ್ಬರೂ ಬಳಸಿದ್ದು ಮೆಂಥಾಲ್, ಬಿಸಿಯ ಗ್ರಾಹಕಕ್ಕೆ ಜೂಲಿಯಸ್ ಬಳಸಿದ್ದು ಮೆಣಸಿನಕಾಯಿಯ ಖಾರ. ನಮ್ಮ ಮನೆಯವರ ಡಬ್ಬಿಗೂ ನನ್ನ ಮಿರ್ಚಿಗೂ ಇಷ್ಟು ದೊಡ್ಡ ನಂಟಸ್ತಿಕೆ ಇದೆ ಎಂದು ತಿಳಿದ ಮೇಲೆ ಬಂಡಿಯ ಮುಂದೆ ನಿಲ್ಲುವಾಗ ನನಗೆ ನಾಚಿಕೆ ಕಡಿಮೆಯಾಗಿದೆ.

ಅವ್ವನ ಕಷಾಯದ ಪಾಲಿಗೂ ಒಂದು ಪ್ರಯೋಗವಿದೆ. 2008ರಲ್ಲಿ ಅದೇ ಎಕಲ್ಸ್ ತಂಡದವರು ನೆಗಡಿಯಾದ 30 ಜನರಿಗೆ ಹಣ್ಣಿನ ಪಾನೀಯವನ್ನು ಬಿಸಿಯಾಗಿಯೂ ಸಾದಾ ಉಷ್ಣತೆಯಲ್ಲಿಯೂ ಕೊಟ್ಟು ನೋಡಿದರು. ಮೂಗಿನ ಹರಿವಿನಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಆದರೆ ಬಿಸಿ ಕುಡಿದವರಿಗೆ ಸೀನು, ಕೆಮ್ಮು, ಗಂಟಲು ನೋವು, ಆಯಾಸ ಎಲ್ಲವೂ ಕಡಿಮೆಯಾದಂತೆ ಅನಿಸಿತು. ಇದನ್ನು ಓದಿ ‘ಹಾಗಾದರೆ ಎಲ್ಲ ಸುಳ್ಳು’ ಎನ್ನುವವರಿದ್ದಾರೆ. ನಾನು ಆ ಗುಂಪಿಗೆ ಸೇರಿದವಳಲ್ಲ. ನೆಗಡಿ ವಾರ, ಹತ್ತು ದಿನದಲ್ಲಿ ತಾನಾಗಿ ಹೋಗುವ ಕಾಯಿಲೆ. ಹೋಗುವವರೆಗೆ ಮನುಷ್ಯನಿಗೆ ಬೇಕಿರುವುದು ಸ್ವಲ್ಪ ಹಾಯೆನಿಸುವುದು, ಕಣ್ಣು ಮುಚ್ಚಿ ನಿದ್ದೆ ಹೋಗುವುದು. ಅನಿಸಿಕೆಯೇ ಇಲ್ಲಿ ಕಾಯಿಲೆಯ ಮುಕ್ಕಾಲು ಪಾಲು. ಬಿಟ್ಟಂತಾದ ಮೂಗಿಗೂ ಬೆಲೆಯಿದೆ. ನನ್ನ ತಕರಾರು ಒಂದೇ: ಬಿಟ್ಟಂತಾಗುವುದಕ್ಕೆ ಏನನ್ನು ಪಣಕ್ಕಿಡುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಕಷಾಯಕ್ಕೆ ಒಂದು ಲೋಟ ನೀರು, ಎರಡು ಚೂರು ಬೆಲ್ಲ. ಹಬೆಗೆ ಹಾಗಲ್ಲ.

ಹಬೆ

ಹಬೆಯ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. 2021ರ ಎರಡನೆಯ ಅಲೆಯಲ್ಲಿ ನಮ್ಮ ಓಣಿಯಲ್ಲಿ ದಿನಕ್ಕೆ ಮೂರು ಹೊತ್ತು ಹಬೆ ತೆಗೆದುಕೊಳ್ಳದವರೇ ಇರಲಿಲ್ಲ. ವೈರಾಣು ಹಬೆಗೆ ಸಾಯುತ್ತದೆ ಎಂದು ಮೊಬೈಲಿನಲ್ಲಿ ಬಂದಿತ್ತು. ವೈರಾಣುವನ್ನು ಕೊಲ್ಲುವಷ್ಟು ಬಿಸಿ ಮೂಗಿನೊಳಗೆ ಹೋದರೆ ಮೂಗೇ ಉಳಿಯುವುದಿಲ್ಲ. ಸಾಮಾನ್ಯ ನೆಗಡಿಗೆ ಬಿಸಿ ತೇವದ ಗಾಳಿ ಎಷ್ಟು ಪ್ರಯೋಜನ ಎಂದು ನಡೆದ ಪ್ರಯೋಗಗಳನ್ನೆಲ್ಲ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಒಟ್ಟಿಗೆ ಇಟ್ಟು ನೋಡಿ, ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ, ಖಚಿತ ಲಾಭ ಕಾಣುವುದಿಲ್ಲ ಎಂದರು. ಸುಟ್ಟ ಗಾಯಗಳು ಮಾತ್ರ ಖಚಿತ. ನೆಲದ ಮೇಲೆ ಕುದಿಯುವ ನೀರಿನ ಪಾತ್ರೆ, ತಲೆಯ ಮೇಲೆ ಕಣ್ಣು ಕಾಣದಂತೆ ದುಪ್ಪಟಿ, ಒಳಗೆ ಕೆಮ್ಮುವ ಮಗು. ಈ ಮೂರನ್ನು ಒಂದೇ ಕಡೆ ಸೇರಿಸಿದವರು ಯಾರೇ ಆಗಲಿ, ಮಗು ಒಂದು ಸಲ ಕಾಲು ಜಾಡಿಸಿದರೆ ಮುಗಿಯಿತು. ತೊಡೆ, ಹೊಟ್ಟೆಯ ಮೇಲೆ ಕುದಿನೀರು. ದೊಡ್ಡವರಿಗೆ ಹಬೆ ಬೇಕೇ ಬೇಕೆಂದರೆ ಪಾತ್ರೆಯನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು, ಕುದಿ ಆರಿದ ಮೇಲೆ, ಒಂದು ಮೊಳ ದೂರದಿಂದ ತೆಗೆದುಕೊಳ್ಳಲಿ. ಮಕ್ಕಳಿಗೆ ಬೇಡ. ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಮುಚ್ಚಿ, ಮಗುವನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಕುಳಿತರೆ ಸಿಗುವ ಹಾಯಿ ಅಷ್ಟೇ ಇರುತ್ತದೆ.

ಮಾವನ ಕಿಸೆಯ ಬಾಟಲಿ

ಇನ್ನು ಮೂಗನ್ನು ನಿಜವಾಗಿಯೂ ಬಿಡಿಸುವುದರ ಕಥೆ. ನನ್ನ ಸೋದರಮಾವ ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಬೆರಳುದ್ದದ ಒಂದು ಪ್ಲಾಸ್ಟಿಕ್ ಬಾಟಲಿ. ಮಾತಿನ ನಡುವೆ ತಲೆಯನ್ನು ಹಿಂದಕ್ಕೆ ಹಾಕಿ, ಎರಡು ಹನಿ ಆ ಕಡೆ, ಎರಡು ಹನಿ ಈ ಕಡೆ ಬಿಟ್ಟುಕೊಂಡು, ಕಣ್ಣು ಮುಚ್ಚಿ ಒಮ್ಮೆ ಎಳೆದುಕೊಂಡು, “ಹಾಂ, ಈಗ ಹೇಳು” ಎನ್ನುತ್ತಿದ್ದರು. ಗಂಗಾವತಿಯ ಕಲ್ಯಾಣ ಮಂಟಪದಲ್ಲಿ ನನ್ನ ತಂಗಿಯ ಮದುವೆ. ಹಿಂದಿನ ರಾತ್ರಿ ಎಲ್ಲ ಮಲಗುವ ಹೊತ್ತಿಗೆ ಮಾವನ ಬಾಟಲಿ ಕಾಣೆಯಾಯಿತು. ಚಾಪೆ ಕೊಡವಿದರು, ಬೀಗರ ಟ್ರಂಕು ಸರಿಸಿದರು, ಅಡುಗೆಯವರ ಕಡೆಗೂ ಹೋಗಿ ಬಂದರು. ಹಾರ ಕಳೆದಿದೆ ಎಂದುಕೊಂಡು ವರನ ಕಡೆಯ ಹೆಂಗಸರು ಎದ್ದು ಕುಳಿತು ತಮ್ಮ ತಮ್ಮ ಕೊರಳು ಮುಟ್ಟಿ ನೋಡಿಕೊಂಡರು. ಮಾವ ಬಾಯಿ ತೆರೆದು ಉಸಿರಾಡುತ್ತಾ, ಬೆವರುತ್ತಾ ಕಂಬಕ್ಕೆ ಒರಗಿ ನಿಂತಿದ್ದರು. ಅಷ್ಟು ದೊಡ್ಡ ಮನುಷ್ಯ, ಗಿರಣಿಯಲ್ಲಿ ಹಮಾಲರನ್ನು ಒಂದೇ ಕೂಗಿಗೆ ನಿಲ್ಲಿಸುವವರು, ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಕಡೆಗೆ ಯಾರೋ ಹುಡುಗರು ಬೈಕ್ ಹತ್ತಿ ಸರಕಾರಿ ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯವನನ್ನು ಎಬ್ಬಿಸಿ ತಂದರು. ಎರಡು ಹನಿ ಬಿದ್ದು ಐದು ನಿಮಿಷವಾಗಿಲ್ಲ, ಮಾವ ಗೊರಕೆ ಹೊಡೆಯುತ್ತಿದ್ದರು.

ಆ ಹನಿಯಲ್ಲಿರುವುದು ಝೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್. ಹಿಗ್ಗಿದ ರಕ್ತನಾಳಗಳನ್ನು ಹಿಡಿದು ಕುಗ್ಗಿಸುತ್ತದೆ. ನಿಮಿಷಗಳಲ್ಲಿ ಮೂಗು ತೆರೆಯುತ್ತದೆ, ಗಂಟೆಗಟ್ಟಲೆ ತೆರೆದೇ ಇರುತ್ತದೆ. ಅಜ್ಜಿಯ ಕೊಂಬಿನಿಂದ ಆಗದ್ದು ಇದರಿಂದ ಆಗುತ್ತದೆ. ಆದರೆ ಕೆಲವು ದಿನ ಬಿಡದೆ ಹಾಕಿಕೊಂಡರೆ ನಾಳಗಳಿಗೆ ಅದೇ ಅಭ್ಯಾಸವಾಗಿ, ಹನಿಯ ಪ್ರಭಾವ ಇಳಿದ ಕೂಡಲೇ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತವೆ. ಊದಿತೆಂದು ಮತ್ತೆ ಹನಿ, ಹನಿ ಹಾಕಿದ್ದಕ್ಕೆ ಮತ್ತೆ ಊತ. ಆದ್ದರಿಂದಲೇ ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬೇಡ ಎಂದು ವೈದ್ಯರು ಹೇಳುವುದು. ಮಾವನಿಗೆ ಮೊದಲು ಬಂದದ್ದು ನೆಗಡಿಯೋ ಗಿರಣಿಯ ತೌಡಿನ ದೂಳೋ ಈಗ ಯಾರಿಗೂ ನೆನಪಿಲ್ಲ. ಆಮೇಲೆ ವರ್ಷಗಟ್ಟಲೆ ಅವರ ಮೂಗು ಕಟ್ಟಿಸಿದ್ದು ಬಾಟಲಿಯೇ. ಬಿಡಿಸಿದ್ದು ಒಬ್ಬ ಕಿವಿ-ಮೂಗು-ಗಂಟಲು ವೈದ್ಯರು. ಮೊದಲು ಒಂದು ಹೊಳ್ಳೆಗೆ ಮಾತ್ರ ಹನಿ ನಿಲ್ಲಿಸಿ. ಅದು ತನ್ನ ಪಾಡಿಗೆ ಸರಿಹೋದ ಮೇಲೆ ಇನ್ನೊಂದಕ್ಕೆ ನಿಲ್ಲಿಸಿ ಎಂದರು, ಜೊತೆಗೆ ಬೇರೆಯದೇ ಒಂದು ಸ್ಪ್ರೇ ಬರೆದುಕೊಟ್ಟರು. ಒಂದು ಹೊಳ್ಳೆಯಲ್ಲಿ ಸ್ವರ್ಗ, ಇನ್ನೊಂದರಲ್ಲಿ ನರಕ ಇಟ್ಟುಕೊಂಡು ಮಾವ ಹಲವು ವಾರ ತಿರುಗಾಡಿದರು. ಗಿರಣಿಯಲ್ಲಿ ಆ ದಿನಗಳಲ್ಲಿ ಅವರ ಎದುರಿಗೆ ಯಾರೂ ಹೋಗುತ್ತಿರಲಿಲ್ಲವಂತೆ.

ಮಾತ್ರೆಗಳದ್ದು ಚಿಕ್ಕ ಮಾತು. ಅಂಗಡಿಯಲ್ಲಿ ‘ನೆಗಡಿಗೆ ಕೊಡಿ’ ಎಂದರೆ ಸಿಗುವ ಬಹುಪಾಲು ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ, ಮೂಗು ಬಿಡಿಸುವುದಕ್ಕೆಂದೇ. ನುಂಗಿದ್ದರಲ್ಲಿ ಬಹುಭಾಗ ಕರುಳು, ಯಕೃತ್ತಿನಲ್ಲೇ ಕರಗಿಹೋಗಿ ಮೂಗಿಗೆ ತಲುಪುವುದು ಅತ್ಯಲ್ಪ. ಅಮೆರಿಕದ ಔಷಧ ಇಲಾಖೆಯ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಇದು ಪ್ರಯೋಜನವಿಲ್ಲ ಎಂದಿತು; 2024ರ ನವೆಂಬರಿನಲ್ಲಿ ಇಲಾಖೆ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಮೂಗಿನ ಔಷಧಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾವ ಹೊರಡಿಸಿತು. ನಮ್ಮಲ್ಲಿ 2023ರ ಡಿಸೆಂಬರಿನಲ್ಲಿ, ಕ್ಲೋರ್ಫೆನಿರಮಿನ್ ಎಂಬ ಅಲರ್ಜಿ ಔಷಧದ ಜೊತೆ ಬೆರೆಸಿದ ಇದರ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದರು. ಆ ಮಾತ್ರೆ ನುಂಗಿ ಹಾಯೆನಿಸುವುದು ಅದರಲ್ಲಿರುವ ಪ್ಯಾರಾಸಿಟಮಾಲ್‌ನಿಂದ, ಇಲ್ಲವೇ ನಿದ್ದೆ ಬರಿಸುವ ಇನ್ನೊಂದರಿಂದ.

ಉಪ್ಪುನೀರು

ಬಿಟ್ಟಂತಾಗಿಸದೆ, ಕಟ್ಟುವ ಸಾಲವನ್ನೂ ಹೊರಿಸದೆ, ಸ್ವಲ್ಪವಾದರೂ ಕೆಲಸ ಮಾಡುವುದು ಮನೆಯಲ್ಲಿ ನನಗೆ ಕಂಡಿರುವುದು ಒಂದೇ, ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಯೋಗ ಕಲಿತವರಿಗೆ ಜಲನೇತಿ ಎಂದರೆ ತಿಳಿಯುತ್ತದೆ. ಅವ್ವ ಇದನ್ನು ಇಂದಿಗೂ ಒಪ್ಪಿಲ್ಲ. “ಮೂಗಿನಿಂದ ನೀರು ಸೇದುವುದು ಆನೆ, ಮನುಷ್ಯರಲ್ಲ” ಎನ್ನುತ್ತಾಳೆ. ಕಾಲು ಲೀಟರ್ ನೀರಿಗೆ ಚಹಾ ಚಮಚದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಉಪ್ಪು. ರಕ್ತನಾಳಕ್ಕೆ ಹಾಕುವ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದಲ್ಲ, ಹೆಚ್ಚುಕಡಿಮೆ ಅದೇ ಹದ. ಹದ ತಪ್ಪಿ ಬರೀ ನೀರಾದರೆ ಈಜುವಾಗ ಮೂಗಿಗೆ ನೀರು ಹೊಕ್ಕಂತೆ ಉರಿಯುತ್ತದೆ. ಸರಿಯಿದ್ದರೆ ನೀರು ಹೋದದ್ದೇ ಗೊತ್ತಾಗುವುದಿಲ್ಲ. ತೊಟ್ಟಿಯ ಮುಂದೆ ಬಾಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಮೆಲ್ಲಗೆ ಬಿಟ್ಟರೆ ಕೆಳಗಿನದರಿಂದ ಇಳಿಯುತ್ತದೆ. ಪೂರ್ತಿ ಕಟ್ಟಿದ್ದರೆ ಒತ್ತಾಯ ಮಾಡಬಾರದು. ಗಿರಣಿಯ ಕಡೆ ಹೋಗಿ ಬಂದ ದಿನ ಇಳಿದ ನೀರಿನ ಬಣ್ಣ ನೋಡಿದರೆ ಅವ್ವನಿಗೂ ಮಾತು ಹೊರಡಲಿಕ್ಕಿಲ್ಲ.

ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. 2022ರ ಬೇಸಿಗೆಯಲ್ಲಿ ಪಕ್ಕದ ರಾಯಚೂರಿನಲ್ಲಿ ಕಲುಷಿತ ನಲ್ಲಿನೀರು ಕುಡಿದು ಜನ ಸತ್ತದ್ದನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮೂಗಿನ ವಿಷಯ ಕುಡಿಯುವುದಕ್ಕಿಂತ ಸೂಕ್ಷ್ಮ. ನೇಗ್ಲೇರಿಯಾ ಎಂಬ ಅಮೀಬಾ ಹೊಟ್ಟೆಗೆ ಹೋದರೆ ಏನೂ ಮಾಡುವುದಿಲ್ಲ, ಮೂಗಿನ ಮೂಲಕ ಹೋದರೆ ಮಿದುಳು ಸೇರುತ್ತದೆ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿನೀರಿನಿಂದ ನೇತಿ ಮಾಡಿದ ಇಬ್ಬರು ಸತ್ತರು. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಅಮೀಬಾ ಮಿದುಳು ಜ್ವರದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ನಾಣ್ಯ ಹಾಕಿ ತರುವ ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನೂ ಇದಕ್ಕೆ ಕುದಿಸಿಯೇ ಬಳಸಬೇಕು. ಪಾತ್ರೆಯನ್ನು ತೊಳೆದು ಒಣಗಿಸಿಡಬೇಕು.

ಮಕ್ಕಳ ಮೂಗಿಗೆ ನಮ್ಮವರು ಮಾಡುವ ಒಂದೆರಡು ಕೆಲಸಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಎಣ್ಣೆ ಸ್ನಾನದ ದಿನ ಹಸುಗೂಸಿನ ಮೂಗಿಗೆ ಎಣ್ಣೆ ಬಿಡುವುದು; ಅದು ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಕೂತು ನ್ಯುಮೋನಿಯಾ ತರುತ್ತದೆ. ಸ್ನಾನವಾದ ಮೇಲೆ ಕೂಸನ್ನು ಲೋಬಾನದ ಹೊಗೆಯ ಮೇಲೆ ಹಿಡಿಯುವುದು. ಕರ್ಪೂರ ಪುಡಿ ಮಾಡಿ ಬಟ್ಟೆಯಲ್ಲಿ ಕಟ್ಟಿ ತೊಟ್ಟಿಲಿಗೆ ಹಾಕುವುದು. ಅದು ಬಾಯಿಗೆ ಹೋದರೆ ಫಿಟ್ಸ್ ಬರುತ್ತದೆ. ಕರ್ಪೂರವಿರುವ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ, ಓದುವಷ್ಟು ದೊಡ್ಡ ಅಕ್ಷರದಲ್ಲಿ ಅಲ್ಲ. ಕೂಸುಗಳು ಮೊದಲ ಕೆಲವು ತಿಂಗಳು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತವೆ; ಕಟ್ಟಿದರೆ ಹಾಲು ಕುಡಿಯಲಾರವು. ಅವಕ್ಕೆ ಅಂಗಡಿಯಲ್ಲಿ ಸಿಗುವ ಬರೀ ಸಲೈನ್ ಹನಿ ಸಾಕು, ಹಾಲೂಡಿಸುವ ಮೊದಲು ಒಂದೆರಡು ಹನಿ. ಇನ್ನೊಂದು, ನಮ್ಮ ಓಣಿಯದೇ. ಮೂರು ವರ್ಷದ ಹುಡುಗಿಗೆ ಒಂದೇ ಹೊಳ್ಳೆ ಕಟ್ಟಿ, ಅದರಿಂದಷ್ಟೇ ನಾರುವ ಸಿಂಬಳ ಸುರಿಯುತ್ತಿತ್ತು. ಕಷಾಯವಾಯಿತು, ಗಂಟಾಯಿತು, ದೃಷ್ಟಿ ತೆಗೆದದ್ದೂ ಆಯಿತು. ವೈದ್ಯರು ಟಾರ್ಚ್ ಹಾಕಿ ನೋಡಿ ಚಿಮಟದಿಂದ ಎಳೆದದ್ದು ಉಬ್ಬಿದ ಒಂದು ಅಲಸಂದೆ ಕಾಳು. ಒಂದೇ ಹೊಳ್ಳೆ, ಕೆಟ್ಟ ವಾಸನೆ ಎಂದರೆ ಮೊದಲು ಅನುಮಾನ ಬರಬೇಕಾದದ್ದು ಅಂಥದ್ದರ ಮೇಲೆಯೇ. ಹಾಗೆಯೇ ಕಣ್ಣಿನ ಸುತ್ತ ಬಾವು, ಇಳಿಯದ ಜ್ವರ, ಮೂಗಿನಿಂದ ರಕ್ತ, ಹತ್ತು ದಿನ ದಾಟಿಯೂ ಹೆಚ್ಚುತ್ತಲೇ ಇರುವ ತಲೆಭಾರ ಇದ್ದರೆ ಅಡುಗೆಮನೆಯ ಡಬ್ಬಿ ಹುಡುಕುತ್ತಾ ಕೂರುವಂತಿಲ್ಲ.

ನೆಗಡಿಯಲ್ಲದ ನೆಗಡಿ

ಜಾತ್ರೆಯ ನೆಗಡಿ ವಾರದಲ್ಲಿ ಇಳಿಯುತ್ತದೆ. ಇಳಿಯದವರ ಸಂಖ್ಯೆ ನಮ್ಮ ಕಡೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವಂತೆ ನನಗೆ ಕಾಣುತ್ತದೆ. ಜ್ವರವಿಲ್ಲ, ಮೈಕೈ ನೋವಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸಾಲುಸಾಲು ಸೀನು, ಮೂಗಿನ ತುರಿಕೆ, ಕಣ್ಣಲ್ಲಿ ನೀರು, ತಿಂಗಳುಗಟ್ಟಲೆ ಕಟ್ಟಿದ ಮೂಗು. ಇದು ಅಲರ್ಜಿ, ಇದಕ್ಕೆ ವೈರಾಣು ಬೇಕಿಲ್ಲ. ಗಂಗಾವತಿ, ಸಿಂಧನೂರಿನ ಕಡೆ ಭತ್ತ ಕೊಯ್ಯುವ ಯಂತ್ರ ಗದ್ದೆಗೆ ಇಳಿದರೆ ಸುಂಕಿನ ದೂಳು ಊರೊಳಗೆ ಬರುತ್ತದೆ, ಅದರ ಹಿಂದೆಯೇ ಹುಲ್ಲು ಸುಟ್ಟ ಹೊಗೆ. ಪಾಳುಬಿದ್ದ ಹೊಲದ ತುಂಬ ಕಾಂಗ್ರೆಸ್ ಗಿಡ. ಹಳ್ಳದ ದಂಡೆಯ ಉದ್ದಕ್ಕೂ ಬಳ್ಳಾರಿ ಜಾಲಿ. ಹೆಸರಿಗೆ ಬಳ್ಳಾರಿಯದು, ಮೂಲ ಅಮೆರಿಕ ಖಂಡದ್ದು, ಅದರ ಹಳದಿ ಹೂವಿನ ಪರಾಗ ಮೂಗಿಗೆ ಆಗದವರು ದೇಶದ ತುಂಬ ಇದ್ದಾರೆ. ಇವಕ್ಕೆಲ್ಲ ಮೇಲಾಗಿ ಕಾರ್ಖಾನೆಗಳು. ಕೊಪ್ಪಳದ ಸುತ್ತಲಿನ ಕೆಲವು ಹಳ್ಳಿಗಳಲ್ಲಿ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಡೆದರೆ ಅಂಗಾಲು ಕಪ್ಪಾಗುತ್ತದೆ. ಒಣಹಾಕಿದ ಹಪ್ಪಳದ ಮೇಲೆ ಬೆರಳಾಡಿಸಿದರೆ ಮಸಿ. ಊರಿಗೆ ಅಂಟಿಕೊಂಡಂತೆ ಇನ್ನೊಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಶ್ರೀಗಳೂ ಬೀದಿಗೆ ಬಂದರು. ಆ ದಿನ ಮೆರವಣಿಗೆಯಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ನಡೆದವರನ್ನು ನೋಡುತ್ತಾ, ಅಜವಾನದ ಗಂಟಿನಿಂದ ಇವರಿಗೇನು ಆಗಬೇಕು ಎನಿಸಿತ್ತು.

ಇಂಥ ಮೂಗಿಗೆ ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಸುಗ್ಗಿಯ ದಿನಗಳಲ್ಲಿ ಗಾಳಿ ಬೀಸುವ ಕಡೆಯ ಕಿಟಕಿ ಮುಚ್ಚುವುದು, ಹಾಸಿಗೆ ಹೊದಿಕೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು, ಹೊರಗಿನಿಂದ ಬಂದ ಮೇಲೆ ಉಪ್ಪುನೀರು. ಉಳಿದದ್ದಕ್ಕೆ ವೈದ್ಯರು ಬರೆಯುವುದು ಮಾವನಿಗೆ ಕೊಟ್ಟಂಥದೇ ಸ್ಟೀರಾಯ್ಡ್ ಸ್ಪ್ರೇ. ಹನಿಯಂತೆ ಕೂಡಲೇ ಬಿಡಿಸುವುದಿಲ್ಲ, ಕೆಲವು ದಿನ ತಪ್ಪದೆ ಹಾಕಿಕೊಂಡ ಮೇಲೆ ಊತ ಇಳಿಯುತ್ತದೆ. ಬಿಟ್ಟರೆ ತಿರುಗಿ ಬೀಳುವುದಿಲ್ಲ. ಹೆಸರು ಕೇಳಿ ಹೆದರುವವರೇ ಹೆಚ್ಚು, ಆದರೆ ಅದರಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕಾರ್ಖಾನೆಯ ಕಡೆಯ ಹಳ್ಳಿಯಿಂದ ಬರುವ ನನ್ನ ಸಹೋದ್ಯೋಗಿಯೊಬ್ಬರ ಜೊತೆ ಕಳೆದ ಸಲ ದವಾಖಾನೆಗೆ ಹೋಗಿದ್ದೆ. ವೈದ್ಯರು ಎಷ್ಟು ದಿನದಿಂದ ಎಂದು ಕೇಳುವ ಮೊದಲು “ಮನೆ ಯಾವ ಕಡೆ?” ಎಂದು ಕೇಳಿದರು. ಇವರು ಊರು ಹೇಳಿದರು. ಅವರು ತಲೆಯಾಡಿಸಿ ಚೀಟಿ ಬರೆದರು. ಎಷ್ಟು ದಿನ ಹಾಕಿಕೊಳ್ಳಬೇಕು ಸರ್ ಎಂದು ಇವರು ಕೇಳಿದ್ದಕ್ಕೆ, ಪೆನ್ನು ಮುಚ್ಚುತ್ತಾ ಅವರು ಅಂದದ್ದು: “ಅಲ್ಲೇ ಇರುತ್ತೀರಲ್ಲವೇ?”